ಬಿಸಿಲಿಗೆ ನಿಂತ ತಿಪ್ಪವ್ವ

ಪೂಜ್ಯ ನೀಲಗಂಗಾ ತಾಯಿಯವರ ಮಠವೆಂದರೆ ಊರಾಚೆಯ ಒಂದು ಬೇವಿನ ಮರ, ಅದರ ಪಕ್ಕಕ್ಕೊಂದು ಮಣ್ಣಿನ ಕೋಣೆ, ಅಷ್ಟೆ. ಚೈತ್ರದ ಆ ಮಧ್ಯಾಹ್ನ ತಾಯಿಯವರು ಮರದಡಿ ಕುಳಿತು ಹಳೆಬಟ್ಟೆಯ ಕೌದಿ ಹೊಲಿಯುತ್ತಿದ್ದರು. ಹಪ್ಪಳದ ತಿಪ್ಪವ್ವ ಬಂದಳು. ಬಂದವಳು ನೆರಳಿಗೆ ಬಾರದೆ, ತಲೆಯ ಸೆರಗು ತೆಗೆದು ಅಂಗಳದ ಉರಿಬಿಸಿಲಲ್ಲೇ ನಿಂತಳು.

ತಿಪ್ಪವ್ವನ ಕೈರುಚಿ ಎಷ್ಟು ಹೆಸರುವಾಸಿಯೋ ಬಾಯಿಯೂ ಅಷ್ಟೇ. ಹಿಂದಿನ ವರ್ಷ ಹಪ್ಪಳ ಹರವಿದ ಹೊತ್ತಿಗೇ ಮೋಡ ಕವಿದಾಗ ಸೂರ್ಯನಾರಾಯಣನಿಗೇ ಹಿಡಿಶಾಪ ಹಾಕಿದ್ದಳು. ಅದಾದ ಮೇಲೆ ಬಿಸಿಲು ತಾಗಿದರೆ ಸಾಕು, ಕುತ್ತಿಗೆ ತೋಳುಗಳಲ್ಲಿ ದದ್ದೆದ್ದು ಒಂದೇ ಸಮನೆ ತುರಿಕೆ. ವೈದ್ಯರು, “ಮೈ ಮುಚ್ಚಿಕೊಂಡು ನೆರಳಲ್ಲಿರಮ್ಮ” ಎಂದರು. ಇವಳು ಕೇಳಬೇಕಲ್ಲ! ದೇವರ ಸಿಟ್ಟಿಗೆ ಮುಲಾಮು ಹಚ್ಚಿದರಾಯಿತೇ ಎಂದು, ತಪ್ಪುಕಾಣಿಕೆಯಾಗಿ ದಿನವೂ ನಡುಹಗಲು ಬಿಸಿಲಿಗೆ ನಿಲ್ಲತೊಡಗಿದಳು. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಈಗ ನಿದ್ದೆಯಿಲ್ಲ, ಲಟ್ಟಣಿಗೆ ಹಿಡಿಯಲು ಕೈ ಏಳುತ್ತಿಲ್ಲ. ಅವಳ ಬದುಕು ನಡೆಯುತ್ತಿದ್ದುದೇ ಆ ಹಪ್ಪಳದಿಂದ.

“ಎವ್ವಾ, ಅವನ ಸಿಟ್ಟು ಯಾವಾಗ ಇಳಿತೈತಿ? ಅಲ್ಲೀತನಕ ನಾ ನೆರಳಿಗೆ ಬರಾಂಗಿಲ್ಲ,” ಎಂದು ಕೆರೆದುಕೊಳ್ಳುತ್ತಲೇ ಹೇಳಿದಳು.

ತಾಯಿಯವರು ಆ ಇಳಿವಯಸ್ಸಿನಲ್ಲಿ ಸೂಜಿ, ಕೌದಿಗಳ ಸಮೇತ ಎದ್ದು ಬಂದು, ಅವಳ ಪಕ್ಕದ ಕಾದ ನೆಲದ ಮೇಲೆ ಬರಿತಲೆಯಲ್ಲಿ ಕುಳಿತು ಹೊಲಿಗೆ ಮುಂದುವರಿಸಿದರು.

“ಅಯ್ಯ ನನ್ನೆವ್ವಾ! ಏಳ್ರಿ, ಏಳ್ರಿ! ತಲಿ ಸುಡತೈತಿ! ತಪ್ಪು ನಂದು, ನಿಮಗ್ಯಾಕ ಈ ಶಿಕ್ಷಾ?” ಎಂದು ತಿಪ್ಪವ್ವ ಸೆರಗು ಬಿಚ್ಚಿ ಅವರ ತಲೆಯ ಮೇಲೆ ಹಿಡಿದಳು.

ತಾಯಿಯವರು ಮುಖವೆತ್ತಿ ನಕ್ಕರು. “ನನ್ನ ಮ್ಯಾಲ ನಿನಗ ಇಷ್ಟು ಕರುಣಾ ಐತಿ. ಲೋಕಕ್ಕೆಲ್ಲಾ ಬೆಳಕು ಕೊಡಾಂವಗ ನಿನ್ನ ಮ್ಯಾಲ ಇಷ್ಟರ ಇರೂದಿಲ್ಲೇನ ಹುಚ್ಚೀ? ನೆರಳೂ ಅವಂದ. ಬಾ.”

ತಿಪ್ಪವ್ವ ಗಳಗಳನೆ ಅತ್ತಳು. ತಾಯಿಯವರ ಕೈಹಿಡಿದೆಬ್ಬಿಸಿ, ತಾನೂ ಮರದಡಿ ಬಂದು ಕುಳಿತಳು. ನೆರಳು ಅಷ್ಟು ತಂಪೆಂಬುದೇ ಅವಳಿಗೆ ಮರೆತುಹೋಗಿತ್ತು.

ತುರಿಕೆ ಮಾಯವಾಯಿತೆಂದರೆ ಸುಳ್ಳಾದೀತು. ಬಿಸಿಲು ಅವಳ ಮೈಗೆ ಕಡೆಯವರೆಗೂ ಒಗ್ಗಲಿಲ್ಲ. ಆದರೆ ಮಗನ ತುಂಬುತೋಳಿನ ಅಂಗಿ ತೊಟ್ಟು, ನೆರಳಲ್ಲಿ ಕುಳಿತು ಆರಾಮಾಗಿ ಲಟ್ಟಿಸತೊಡಗಿದಳು. ಹಪ್ಪಳ ಒಣಹಾಕುವ ಕೆಲಸವನ್ನು, ಹಿಂದೆ ಹಿಟ್ಟು ಮುಟ್ಟಿದರೂ ತಾನು ಗದರುತ್ತಿದ್ದ ಸೊಸೆಗೆ ಒಪ್ಪಿಸಿದಳು. ಓಣಿಯವರು, “ಸೂರ್ಯದೇವರ ಸಿಟ್ಟು ಇಳೀತೇನ ತಿಪ್ಪವ್ವಾ?” ಎಂದು ಕೆಣಕಿದರೆ ನಕ್ಕುಬಿಡುತ್ತಿದ್ದಳು.

“ಅವಗೆಲ್ಲೀ ಸಿಟ್ಟವ್ವಾ? ಇದ್ದಬದ್ದ ಸಿಟ್ಟೆಲ್ಲಾ ನಂದ ಇತ್ತು.”