ಸುಳ್ಳುದೇವರ ಕೆರೆ

ನಮ್ಮೂರು ಕಡಗಲಹಳ್ಳಿಯ ಕೆರೆಗೆ ಸರ್ಕಾರದ ಫಲಕದಲ್ಲಿ ದೊಡ್ಡಕೆರೆ ಎಂದು ಬರೆದಿದೆ. ಆ ಹೆಸರು ಹೇಳಿ ದಾರಿ ಕೇಳಿದರೆ ಸುತ್ತಲ ಹಳ್ಳಿಗಳಲ್ಲಿ ಯಾರಿಗೂ ತಿಳಿಯದು. ಸುಳ್ಳುದೇವರ ಕೆರೆ ಎಂದರೆ ಕೈ ತೋರಿಸುತ್ತಾರೆ, ತೋರಿಸುವಾಗ ಒಂದು ಕುಹಕದ ನಗೆ ನಕ್ಕೇ ನಗುತ್ತಾರೆ. ನಗಲಿ, ಅದು ನಮಗೆ ಸಲ್ಲಬೇಕಾದ್ದೇ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಬಡಗಣ ಸೀಮೆಗೆ ದಂಡು ನುಗ್ಗಿ ಊರೂರನ್ನೇ ಸುಟ್ಟಿತಂತೆ. ಒಂದೇ ತಿಂಗಳಲ್ಲಿ ನೂರಾರು ಸಂಸಾರಗಳು ಇಲ್ಲಿಗೆ ಬಂದವು. ಊರಿನ ಮನೆಗಳಿಗಿಂತ ಬಂದವರ ಒಲೆಗಳೇ ಹೆಚ್ಚಾದವು. ಕೆರೆ ಆಗ ಬತ್ತಿ ಎರಡು ವರ್ಷವಾಗಿತ್ತು. ಊರ ಗೌಡ ಚನ್ನರಾಯ ದೊಡ್ಡ ಮನಸ್ಸಿನವನಂತೆ ಕೆರೆಯಂಗಳವನ್ನೇ ಅವರಿಗೆ ಬಿಟ್ಟುಕೊಟ್ಟ. ಬಂದವರು ಹೊಳೆದಂಡೆಯ ಜನ, ಕೆರೆ ಕಂಡವರಲ್ಲ. ಏರಿಯನ್ನು ಗುಡ್ಡವೆಂದೇ ತಿಳಿದು, ಗಾಳಿಗೆ ಮರೆಯಾಯಿತೆಂದು ಅದರ ಬುಡದಲ್ಲೇ ಗುಡಿಸಲು ಹಾಕಿದರು. ಊರಿನವರು ಒಳಗೊಳಗೇ ನಕ್ಕರು. ಮಳೆ ಬಂದರೆ ತಾವಾಗಿಯೇ ತೊಲಗುತ್ತಾರೆ, ಅಲ್ಲಿಯವರೆಗೆ ಹೊಲಕ್ಕೆ ಆಳುಗಳಾದರು ಎಂಬುದು ಎಲ್ಲರ ಹುನ್ನಾರ.

ಅವರಲ್ಲಿ ಯಂಕವ್ವ ಎಂಬ ವಿಧವೆಯಿದ್ದಳು. ಕೆರೆಯ ನೀರು ಕಾಯುವ ನೀರಗಂಟಿ ಕದರಪ್ಪನನ್ನು ಆಕೆ ಒಂದು ದಿನ, "ಅಣ್ಣಾರ, ಇಲ್ಲಿ ಕಲ್ಲಿನ ಕಂಬ ಯಾಕ ನಿಲ್ಲಿಸ್ಯಾರ?" ಎಂದು ಕೇಳಿದಳು. ಅದು ಗದ್ದೆಗೆ ನೀರು ಬಿಡುವ ತೂಬಿನ ಕಂಬ. ನಿಜ ಹೇಳಿದರೆ ಎಲ್ಲವೂ ಬಯಲಾಗುತ್ತಿತ್ತು. ಇದು ಕೆರೆಯೆಂದು ಬಂದವರಿಗೆ ಯಾರೂ ಬಾಯಿಬಿಡಕೂಡದೆಂಬ ಗೌಡನ ಕಟ್ಟಪ್ಪಣೆಗೆ ಹೆದರಿ ಕದರಪ್ಪ, "ಅದು ದೇವ್ರು ಕಣವ್ವ, ಊರು ಕಾಯೋ ದೇವ್ರು" ಎಂದುಬಿಟ್ಟ. ಅಂದಿನಿಂದ ಯಂಕವ್ವ ದಿನವೂ ಕಂಬ ತೊಳೆದು, ತನ್ನ ಪಾಲಿನ ರೊಟ್ಟಿಯಲ್ಲಿ ಒಂದು ಚೂರನ್ನು ಅದರ ಮುಂದಿಟ್ಟೇ ಉಣ್ಣುತ್ತಿದ್ದಳು. ಕದರಪ್ಪ ಕಂಡೂ ಕಾಣದಂತೆ ತಿರುಗಾಡಿದ.

ಮರುವರ್ಷ ಒಂದು ನಡುಮಧ್ಯಾಹ್ನ ಮೇಲಿನ ಹಳ್ಳ ಒಮ್ಮೆಲೇ ನುಗ್ಗಿ ಬಂತು. ಉಳಿದವರು ಮಕ್ಕಳನ್ನು ಹೊತ್ತು ಏರಿ ಹತ್ತಿದರು. ಯಂಕವ್ವ ಮಾತ್ರ ಓಡಿಹೋಗಿ ಕಂಬವನ್ನು ತಬ್ಬಿಕೊಂಡಳು. "ಮೇಲಕ್ಕೆ ಬಾರವ್ವೋ! ಅದು ದೇವ್ರಲ್ಲ, ತೂಬು! ನಾನು ಸುಳ್ಳು ಹೇಳ್ದೆ!" ಎಂದು ಕದರಪ್ಪ ಏರಿಯ ಮೇಲೆ ಎದೆ ಬಡಿದುಕೊಂಡು ಕೂಗಿದ. "ಊರ ದೇವರಿಗೆ ಹಂಗ ಅನ್ನಬಾರದ್ರೀ ಅಣ್ಣಾರ" ಎಂದಳಂತೆ ಆಕೆ. ಆಮೇಲೆ ಅಲ್ಲಿ ನೀರು ಬಿಟ್ಟರೆ ಏನೂ ಕಾಣಲಿಲ್ಲ ಎನ್ನುತ್ತಾರೆ.

ಬಂದವರು ಒದ್ದೆ ಬಟ್ಟೆಯಲ್ಲೇ ಊರು ಬಿಟ್ಟರು. ಆ ವರ್ಷ ಕೋಡಿ ಹರಿದು ಭತ್ತ ಚೆನ್ನಾಗಿ ಬೆಳೆಯಿತು. ಅವರನ್ನೇ ಆಳುಗಳಾಗಿ ದುಡಿಸಿಕೊಂಡು ತಾನು ಬಗ್ಗಿ ದುಡಿಯುವುದನ್ನು ಮರೆತಿದ್ದ ಊರಿಗೆ ಕೊಯ್ಯಲಾಗದೆ ಅರ್ಧ ಗದ್ದೆಯಲ್ಲೇ ಉದುರಿತು. ಇಂದು ಏರಿಯ ಮೇಲೆ ನಿಂತವರಿಗೆ ಆ ಕಂಬಕ್ಕೆ ಸುತ್ತಿದ ಹೂವಿನ ಹಾರಗಳು ಕಾಣುತ್ತವೆ. ಸುತ್ತುವವರು ಬೇರಾರೂ ಅಲ್ಲ, ನಾವೇ. ಮಳೆ ತಡವಾದ ವರ್ಷ ಊರಿಗೆ ಊರೇ ಅದರ ಮುಂದೆ ನಿಂತು, "ಯಂಕವ್ವ ತಾಯಿ, ಕೆರೆ ತುಂಬಿಸು" ಎಂದು ಬೇಡುತ್ತದೆ. ನಾನೂ ಬೇಡಿದ್ದೇನೆ. ನಾಚಿಕೆಯಾಗಬೇಕು ನಮಗೆ.