ದರ್ಜಿಯ ಅನುಮಾನ

"ಗುರುಗಳೇ, ನಮ್ಮ ಶಾಲೆಗೆ ವಾರಕ್ಕೊಮ್ಮೆ ಆಪ್ತ ಸಮಾಲೋಚಕಿಯೊಬ್ಬರನ್ನು ಕಳಿಸುತ್ತೇವೆ ಎಂದು ಬಡಾವಣೆಯ ಆಸ್ಪತ್ರೆಯಿಂದ ಪತ್ರ ಬಂದಿದೆ. ಮಕ್ಕಳನ್ನು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮನಸ್ಸಿನ ಸಂಕಟ ಕೇಳುತ್ತಾರಂತೆ. ಮನೆಯ ವಿಷಯ ಬೀದಿಗೆ ಬರುತ್ತದೆ ಎಂದು ತಂದೆತಾಯಿಯರು ತಕರಾರು ಮಾಡುತ್ತಿದ್ದಾರೆ. ನನಗೂ ಅನುಮಾನ. ಒಪ್ಪಲೇ, ಬೇಡವೆನ್ನಲೇ?"

ಮಠದ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ ಹೀಗೆ ಕೇಳಿದ. ಗುರುಗಳು ಹೇಳಿದರು:

ಒಂದು ಪೇಟೆಯಲ್ಲಿ ಒಬ್ಬ ದರ್ಜಿಯಿದ್ದ. ಹೆಂಡತಿ, ಹತ್ತು ವರ್ಷದ ಮಗಳು ವನಮಾಲೆ, ಇಷ್ಟೇ ಸಂಸಾರ. ಒಂದು ವರ್ಷ ಹೆಂಡತಿಗೆ ಮನಸ್ಸಿನ ಕಾಯಿಲೆ ಬಂತು. ಮಾತು ಬಿಟ್ಟಳು, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಬಟ್ಟೆ ಹೊಲಿಸಲು ಬಂದವರು ಅಂಗಡಿಯಲ್ಲಿ ಕೂತು ಊರ ಮನೆಗಳ ಸುದ್ದಿಯನ್ನೆಲ್ಲ ಆಡುತ್ತಿದ್ದರು. ತನ್ನ ಮನೆಯ ಸುದ್ದಿ ಅವರ ಬಾಯಿಗೆ ಬಿದ್ದರೆ ಏನಾಗುತ್ತದೆಂದು ದರ್ಜಿಗೆ ಚೆನ್ನಾಗಿ ಗೊತ್ತಿತ್ತು. ಹೆಂಡತಿ ತವರಿಗೆ ಹೋಗಿದ್ದಾಳೆ ಎಂದು ಎಲ್ಲರಿಗೂ ಹೇಳಿದ. ಹಾಗೆಯೇ ಹೇಳಬೇಕೆಂದು ಮಗಳಿಗೂ ತಾಕೀತು ಮಾಡಿದ.

ಹುಡುಗಿ ಹಾಗೆಯೇ ಹೇಳಿದಳು. ಆದರೆ ತರಗತಿಯಲ್ಲಿ ಅವಳ ಕಣ್ಣು ಯಾವಾಗಲೂ ಬಾಗಿಲ ಮೇಲಿರುತ್ತಿತ್ತು. ಓದು ನಿಂತಿತು. ತಲೆಗೂದಲನ್ನು ಒಂದೊಂದೇ ಎಳೆ ಕಿತ್ತು ಕಿತ್ತು ನೆತ್ತಿ ಅಂಗೈಯಗಲ ಬೋಳಾಯಿತು. ಮೇಷ್ಟ್ರು ಅವಳನ್ನು ಮಂಗಳವಾರ ಶಾಲೆಗೆ ಬರುತ್ತಿದ್ದ ಸಮಾಲೋಚಕಿಯ ಬಳಿಗೆ ಕಳಿಸಿದರು.

ದರ್ಜಿಗೆ ನೆಮ್ಮದಿ ಹೋಯಿತು. ಪ್ರತಿ ಮಂಗಳವಾರ ಸಂಜೆ ಮಗಳನ್ನು ಎದುರಿಗೆ ಕೂರಿಸಿಕೊಂಡು ವಿಚಾರಿಸಿದ. ಆಕೆ ಏನು ಕೇಳಿದಳು, ನೀನು ಏನು ಹೇಳಿದೆ, ಅಮ್ಮನ ಮಾತು ಬಂತೇ, ಆಕೆ ಬರೆದುಕೊಂಡಳೇ. ಏನೂ ಹೇಳಲಿಲ್ಲ ಎಂದಳು ಹುಡುಗಿ. ಅವನು ನಂಬಲಿಲ್ಲ. ಸಮಾಲೋಚಕಿ ದಾರಿಯಲ್ಲಿ ಸಿಕ್ಕಿ ನಕ್ಕರೆ, ಇವಳಿಗೆ ಎಲ್ಲ ಗೊತ್ತಾಗಿದೆ ಎಂದುಕೊಂಡ. ಗಿರಾಕಿಗಳು ದನಿ ತಗ್ಗಿಸಿದರೆ ತನ್ನ ವಿಷಯವೇ ಇರಬೇಕು ಎಂದುಕೊಂಡ. ಕಡೆಗೆ ಮಂಗಳವಾರ ಮಗಳನ್ನು ಶಾಲೆಗೇ ಕಳಿಸಲಿಲ್ಲ. ಹುಡುಗಿ ಊಟದ ತಟ್ಟೆಯ ಮುಂದೆ ಅನ್ನ ಮುಟ್ಟದೆ ಕೂರತೊಡಗಿದಳು.

ಜಗಳವಾಡಿಯೇ ಬರುತ್ತೇನೆಂದು ಅವನು ಸಮಾಲೋಚಕಿ ಕೆಲಸ ಮಾಡುತ್ತಿದ್ದ ಆಸ್ಪತ್ರೆಗೆ ಹೋದ.

"ನನ್ನ ಮಗಳು ನಿಮಗೆ ಏನು ಹೇಳಿದ್ದಾಳೆ?" ಎಂದು ಕೇಳಿದ.

"ಐದು ವಾರ ಏನೂ ಹೇಳಲಿಲ್ಲ," ಎಂದಳು ಸಮಾಲೋಚಕಿ. "ಆರನೆಯ ವಾರ, ಇಲ್ಲಿ ಹೇಳಿದ್ದು ನಮ್ಮಪ್ಪನಿಗೆ ತಿಳಿಯುತ್ತದೆಯೇ ಎಂದು ಕೇಳಿದಳು. ನಿನ್ನನ್ನು ಕೇಳದೆ ಹೇಳುವುದಿಲ್ಲ ಎಂದೆ. ಆಮೇಲೆ ಮಾತಾಡಿದಳು. ಇಷ್ಟನ್ನು ಮಾತ್ರ ನಿಮಗೆ ಹೇಳಲು ಒಪ್ಪಿದ್ದಾಳೆ."

ಏನು ಮಾತಾಡಿದಳು ಎಂದು ದರ್ಜಿ ಎರಡು ಸಲ ಕೇಳಿದ. ಅದನ್ನು ಮಗಳ ಬಾಯಿಂದಲೇ ಕೇಳಿ, ಆದರೆ ವಿಚಾರಣೆ ಮಾಡಬೇಡಿ ಎಂದಳು ಆಕೆ. ಮಗಳು ಊರಿಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದಾಳೆ ಎಂದು ಅವನು ತಿಳಿದಿದ್ದ. ತನಗೂ ಹೆದರಿದ್ದಾಳೆ ಎಂಬುದು ಅವನಿಗೆ ಹೊಳೆದಿರಲಿಲ್ಲ. ಜಗಳವಾಡದೆ ಮನೆಗೆ ಬಂದ.

ಮೂರು ದಿನ ಅವನು ಮಗಳನ್ನು ಏನೂ ಕೇಳಲಿಲ್ಲ. ನಾಲ್ಕನೆಯ ದಿನ ಶಾಲೆ ಬಿಟ್ಟ ಮೇಲೆ ಅವಳೇ ಅಂಗಡಿಗೆ ಬಂದು ಹೊಲಿಗೆ ಯಂತ್ರದ ಪಕ್ಕ ನಿಂತಳು. ಗಿರಾಕಿಗಳಿಬ್ಬರು ಅಲ್ಲೇ ಕೂತಿದ್ದರು.

"ಅಪ್ಪಾ, ನಾನು ಶಾಲೆಯಲ್ಲಿದ್ದಾಗ ಅಮ್ಮ ಸತ್ತುಹೋದರೆ ನನಗೆ ಯಾರು ಬಂದು ಹೇಳುತ್ತಾರೆ? ಅಮ್ಮ ಮನೆಯಲ್ಲೇ ಇಲ್ಲ ಅಂತ ಎಲ್ಲರಿಗೂ ಹೇಳಿದ್ದೀವಲ್ಲ."

ಗಿರಾಕಿಗಳು ತಿರುಗಿ ನೋಡಿದರು. ದರ್ಜಿ ಮಗಳ ಬಾಯಿ ಮುಚ್ಚಿಸಲಿಲ್ಲ. ಅಂಗಡಿಯ ಬಾಗಿಲು ಹಾಕಿ, ಮನೆಗೆ ಆಟೋ ತರಿಸಿ, ಹೆಂಡತಿಯನ್ನು ಎಬ್ಬಿಸಿ ಕೂರಿಸಿಕೊಂಡ. ಮೂವರೂ ಆಸ್ಪತ್ರೆಗೆ ಹೋದರು. ಬೀದಿಯವರೆಲ್ಲ ನೋಡಿದರು. ಕೆಲವು ದಿನ ಆಡಿಕೊಂಡರು, ಆಮೇಲೆ ಅವರಿಗೆ ಬೇರೆ ಸುದ್ದಿ ಸಿಕ್ಕಿತು. ಮೂರನೆಯ ತಿಂಗಳು ದರ್ಜಿಯ ಹೆಂಡತಿ ಎದ್ದು ಹೊರಗಿನ ಜಗಲಿಯಲ್ಲಿ ಬಂದು ಕೂತಳು.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು. ಆಗ ಶಿಷ್ಯ, ಹುಡುಗಿ ಹೇಳಿದ್ದನ್ನು ಆ ಸಮಾಲೋಚಕಿ ಬೇರೆ ಯಾರಿಗೂ ಹೇಳಲಿಲ್ಲ ಎಂಬುದಕ್ಕೆ ಏನು ಖಾತ್ರಿ ಎಂದು ಕೇಳಿದ.

ಗುರುಗಳು ಹೇಳಿದರು: "ಆ ಹುಡುಗಿ ಈಗ ಹೇಗಿದ್ದಾಳೆ ಎಂದು ನೀನು ಇನ್ನೂ ಕೇಳಿಲ್ಲ."