ಕಾಲಜನ್ ಡಬ್ಬಿ ಮತ್ತು ತುಪ್ಪದ ದೀಪ

ಮನೆಗೆಲಸದ ಚಿಕ್ಕತಾಯಿಯ ಮಗಳು ಹೆರಿಗೆ ವಾರ್ಡಿನಲ್ಲಿ ನೋವು ತಿನ್ನುತ್ತಿದ್ದಳು. ಯಜಮಾನಿ ವಿಶಾಲಾಕ್ಷಮ್ಮನವರ ದೇವರಮನೆಯಲ್ಲಿ ಒಂದು ತುಪ್ಪದ ದೀಪ ಹಚ್ಚಬೇಕೆಂದು ಚಿಕ್ಕತಾಯಿ ಆಸೆಪಟ್ಟಳು.

“ನಿನ್ನೆ ಮೀನು ತಿಂದವಳಲ್ಲವೇನೆ? ಮೂರು ದಿನ ಹೊಸಿಲು ದಾಟಬೇಡ!” ಅಂದರು ಅಮ್ಮನವರು, ಮುಖದ ಸುಕ್ಕು ಹೋಗಲೆಂದು ದಿನಾ ಕುಡಿಯುವ ಕಾಲಜನ್ ಪುಡಿಯನ್ನು ಲೋಟದಲ್ಲಿ ಕದಡುತ್ತಾ.

“ತಿಳಿಯದೆ ತಿಂದಿದ್ದರೆ, ಅಮ್ಮಾವ್ರೇ?”

“ತಿಳಿಯದೆ ತಿಂದರೂ ಮೀನು ಮೀನೇ!”

“ಹಾಗಾದ್ರೆ ಇವತ್ತು ದೇವರಿಗೆ ದೀಪವೇ ಇಲ್ಲ ಅನ್ನಿ.” ದಿನಾ ಆ ಪುಡಿಯ ಡಬ್ಬಿ ಒರೆಸುತ್ತಿದ್ದ ಚಿಕ್ಕತಾಯಿ ಅದರ ಮೇಲಿನ ಮಾಂಸಾಹಾರದ ಕೆಂಪು ಗುರುತನ್ನು ಮೆಲ್ಲಗೆ ತೋರಿಸಿದಳು.

ಮುದುಕಿಯಂತೆ ಕಾಣುತ್ತೇನೆಂದು ಮೂಲೆಗೆ ಹಾಕಿದ್ದ ಕನ್ನಡಕವನ್ನು ಹುಡುಕಿ ತಂದು ಅಮ್ಮನವರು ಓದಿದರು. ಸಮುದ್ರದ ಮೀನಿನ ಚರ್ಮದಿಂದ ತೆಗೆದದ್ದು! ಲೋಟ ಕೆಳಗಿಟ್ಟು ಅಳತೊಡಗಿದರು.

“ಅಯ್ಯೋ, ಆರು ತಿಂಗಳಿಂದ ಇದನ್ನು ಕುಡಿದೇ ದೀಪ ಹಚ್ಚಿದ್ದೀನಲ್ಲೇ!”

“ಅಳಬೇಡಿ ಅಮ್ಮಾವ್ರೇ. ಆರು ತಿಂಗಳಲ್ಲಿ ಸ್ವಾಮಿ ಒಂದು ದಿನವಾದರೂ ನಿಮ್ಮ ದೀಪ ಆರಿಸಿದನಾ? ಸುಮ್ಮನೆ ಬೆಳಕು ತಗೊಂಡ, ಕರುಣಾಳು.”

ವಿಶಾಲಾಕ್ಷಮ್ಮನವರು ಕಣ್ಣೊರೆಸಿಕೊಂಡರು. ಬತ್ತಿಯನ್ನು ತಾವೇ ತುಪ್ಪದಲ್ಲಿ ಅದ್ದಿ, ಬೆಂಕಿಪೊಟ್ಟಣವನ್ನು ಚಿಕ್ಕತಾಯಿಯ ಕೈಗಿಟ್ಟರು.

“ಬಾರೇ ಒಳಗೆ. ಮಗಳ ಹೆಸರು ಹೇಳು, ನಾನೂ ಬೇಡಿಕೊಳ್ತೀನಿ.”